ಹುಸೇನಣ್ಣ ಅಗೆದ ಗುಂಡಿ

ಹುಸೇನಣ್ಣ ಲಾರಿಯ ಕೆಳಗೆ ನುಸುಳುವ ಮೊದಲು ನೆಲಕ್ಕೆ ಎರಡು ಗೋಣಿಚೀಲ ಹಾಸುತ್ತಿದ್ದರು. ಮೈಗೆ ಮಣ್ಣು ಹತ್ತಬಾರದೆಂದಲ್ಲ, ಮಣ್ಣಿಗೆ ಎಣ್ಣೆ ಹತ್ತಬಾರದೆಂದು.

ಅವರು ಕೂಡ್ಲಿಗಿಯವರು, ಮೆಕ್ಯಾನಿಕ್ಕು. ನಾನು ಹರಪನಹಳ್ಳಿಯವನು, ಡ್ರೈವರು. ಇಬ್ಬರೂ ಸೈನ್ಯದಲ್ಲಿದ್ದೆವು. ತೊಂಬತ್ತರ ದಶಕದಲ್ಲಿ ನಮ್ಮನ್ನು ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಕಳಿಸಿದರು. ಹೊಡೆದಾಡುತ್ತಿದ್ದ ಎರಡು ಬಣಗಳ ನಡುವೆ ನಿಲ್ಲುವುದು ನಮ್ಮ ಕೆಲಸ.

"ನಾವೇನು ಇಲ್ಲಿ ಬೀಗರಲ್ಲ, ಉಂಡ ಎಲಿ ನಾವ ತೆಗೀಬೇಕು" ಎನ್ನುತ್ತಿದ್ದರು ಹುಸೇನಣ್ಣ. ಸುಮ್ಮನೆ ಓಡುವ ಜನರೇಟರು ಕಂಡರೆ ಹೋಗಿ ಆರಿಸುತ್ತಿದ್ದರು. ನಮ್ಮ ಸ್ನಾನದ ನೀರು ಹಿಡಿದಿಟ್ಟು ಜೀಪು ತೊಳೆಸುತ್ತಿದ್ದರು. ಹಳೆ ಎಣ್ಣೆಯನ್ನು ಡ್ರಮ್ಮಿಗೆ ತುಂಬಿ ಬಂದರಿಗೆ ವಾಪಸು ಕಳಿಸುತ್ತಿದ್ದರು. ನಮಗೆಲ್ಲ ಕಿರಿಕಿರಿ.

"ಅಣ್ಣಾ, ಗುಂಡು ಹಾರೋ ಜಾಗದಾಗ ಇದೆಲ್ಲ ಯಾಕ್ರಿ?"

"ಗುಂಡು ನಿಂತ ಮ್ಯಾಲೆ ಮಂದಿ ಇಲ್ಲೇ ಬದುಕಬೇಕಲ್ಲೋ ಬಸ್ಯಾ."

ಒಂದರಲ್ಲಿ ಮಾತ್ರ ಅವರು ಸೋತಿದ್ದರು. ಸತ್ತ ಬ್ಯಾಟರಿಗಳನ್ನು ಒಯ್ಯಲು ಗಾಡಿ ಸಿಗದೆ, ಮೇಲಿನವರು ಹೇಳಿದಂತೆ ಶಿಬಿರದ ಹಿಂದೆ ಗುಂಡಿ ತೋಡಿ ಹೂಳಿಸಿದ್ದರು. ಅದರ ಇಳಿಜಾರಿನಲ್ಲೇ ಊರಿನ ಬಾವಿ. ನೀರಿಗೆ ಬಂದ ಹೆಂಗಸೊಬ್ಬಳು ಒಮ್ಮೆ, ಅಲ್ಲಿ ಏನು ಹೂಳುತ್ತೀರಿ ಎಂದು ದುಭಾಷಿಯಿಂದ ಕೇಳಿಸಿದಳು. ಹುಸೇನಣ್ಣ ಏನಿಲ್ಲ ಅಂದುಬಿಟ್ಟರು. ಆ ದಿನ ಊಟಕ್ಕೆ ಬರಲಿಲ್ಲ.

"ಸುಳ್ಳು ಹೇಳಿದ್ನೋ. ಆ ಸೀಸ, ಆ ಆ್ಯಸಿಡ್ಡು ಬಾವಿಗೇ ಇಳೀತೈತಿ" ಎಂದು ತಲೆ ಹಿಡಿದುಕೊಂಡು ಕೂತಿದ್ದರು.

ಶಿಬಿರ ಬಿಡುವ ದಿನ ಬಂತು. ಮಧ್ಯಾಹ್ನದವರೆಗೆ ದಾರಿಯಲ್ಲಿ ಗುಂಡು ಹಾರಿಸುವುದಿಲ್ಲವೆಂದು ಎರಡೂ ಬಣಗಳು ಒಪ್ಪಿದ್ದವು. ಬೆಳಿಗ್ಗೆ ಲಾರಿಗಳು ಸಾಲಾಗಿ ನಿಂತಾಗ ಹುಸೇನಣ್ಣ ಹೂಳಿದ ಬ್ಯಾಟರಿ ತೆಗೆಯಲು ಗುದ್ದಲಿ ಹಿಡಿದು ಗುಂಡಿಗಿಳಿದಿದ್ದರು. ಕ್ಯಾಪ್ಟನ್ ಕೂಗಾಡಿದರು. ಇವರು ಒಂದೇ ತಾಸು ಎಂದು ಕೈಮುಗಿದರು. ಕೊನೆಗೆ ಕ್ಯಾಪ್ಟನ್, ಒಂದು ಲಾರಿ, ಒಂದು ಕಾವಲು ಜೀಪು ಬಿಟ್ಟು ಹೋಗುತ್ತೇನೆ, ಯಾರ ಲಾರಿ ಬೇಕು ಎಂದರು.

"ಬಸ್ಯಾ ಇರ್ತಾನ ಸಾಹೇಬರ" ಎಂದರು ಹುಸೇನಣ್ಣ. ನನ್ನನ್ನು ಕೇಳಲೇ ಇಲ್ಲ.

ಒಂದು ತಾಸು ಮೂರಾಯಿತು. ಒಡೆದ ಬ್ಯಾಟರಿಯಿಂದ ಆ್ಯಸಿಡ್ಡು ಸುರಿದು ಅವರ ಅಂಗೈ ಸುಟ್ಟಿತು. ಆದರೂ ನಿಲ್ಲಿಸಲಿಲ್ಲ. ನಾನು ಹಾರನ್ ಹೊಡೆದೆ, ಬೈದೆ.

"ಸಾಕು ಬರ್ರಿ ಅಣ್ಣಾ, ಹೊತ್ತಾತು!"

"ಇನ್ನ ನಾಕು ಅದಾವೋ, ತಡಿ."

ನೆನೆದ ಮಣ್ಣನ್ನೂ ಚೀಲಕ್ಕೆ ತುಂಬಿ ಲಾರಿಗೆ ಹಾಕಿದ ಮೇಲೆಯೇ ಹತ್ತಿದರು. ಆಗಲೇ ಸೂರ್ಯ ನೆತ್ತಿಯಿಂದ ವಾಲಿದ್ದ. ಸೇತುವೆಯ ಹತ್ತಿರ ಗುಂಡು ಹಾರಿದವು. ಗಾಜು ಒಡೆಯಿತು, ನನ್ನ ಎಡ ಮೊಣಕಾಲಿಗೆ ಬೆಂಕಿ ಬಿದ್ದಂತಾಯಿತು. ಹುಸೇನಣ್ಣ ಪಕ್ಕದಿಂದ ಎರಗಿ ಸ್ಟೇರಿಂಗ್ ಹಿಡಿದರು. "ಎಕ್ಸಲೇಟರ್ ಬಿಡಬ್ಯಾಡಲೇ ಬಸ್ಯಾ, ಬಿಡಬ್ಯಾಡ!" ಎಂದು ಕೂಗುತ್ತಲೇ ಸೇತುವೆ ದಾಟಿಸಿದರು.

ಬದುಕಿದೆ. ಆದರೆ ಆ ಮಂಡಿ ಮತ್ತೆ ಬಗ್ಗಲಿಲ್ಲ. ಸೈನ್ಯ ಬಿಟ್ಟು ಊರಿಗೆ ಬಂದೆ. ಕೆಲವು ವರ್ಷಕ್ಕೆ ಅವರೂ ಕೂಡ್ಲಿಗಿಗೆ ಬಂದು ಗ್ಯಾರೇಜು ಇಟ್ಟರು. ಎಷ್ಟೋ ಸಲ ಹೇಳಿ ಕಳಿಸಿದರು, ನಾನು ಹೋಗಲಿಲ್ಲ. ಕೊನೆಗೆ ಒಂದು ದಿನ ಅವರೇ ಹರಪನಹಳ್ಳಿಗೆ ಬಂದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಕುಂಟುತ್ತಾ ಒಳಗೆ ಬರುವುದನ್ನು ನೋಡುತ್ತಾ ಎದ್ದು ನಿಂತರು.

ಎಷ್ಟೋ ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. "ಮತ್ತ ಅಂಥ ದಿನ ಬಂದ್ರ ಏನ್ ಮಾಡ್ತೀರಿ ಅಣ್ಣಾ?"

"ಅಗೀತೀನಿ" ಎಂದರು. "ಆದರ ನಿನ್ನ ಲಾರಿ ಮಾತ್ರ ತಗೊಳ್ಳಂಗಿಲ್ಲ."

"ತಗೊಳ್ರಿ" ಎಂದೆ. ನನಗೇ ಆಶ್ಚರ್ಯವಾಯಿತು. "ಆದರ ನನ್ನನ್ನ ಒಂದು ಮಾತು ಕೇಳಿ ತಗೊಳ್ರಿ."

ಅವರು ನನ್ನ ಕೈ ಹಿಡಿದುಕೊಂಡರು. ಕೂಡ್ಲಿಗಿ ಬಸ್ಸು ಬರುವತನಕ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹುಸೇನಣ್ಣ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನನಗೆ ಬಗ್ಗಲಾಗದ್ದು ಕಂಡು ಅವರ ತಮ್ಮ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಕೊಟ್ಟ. ನಿಂತೇ ಹಾಕಿದೆ.