ಸಾಹೇಬರ ಗಡಿಯಾರ

ಪದ್ಮಾ ಚೆಸ್ ಆಡುತ್ತಾಳೆಂದು ದಿಲ್ಲಿಯ ಆ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅವಳನ್ನು ಆಟಗಾರ್ತಿ ಅಂದವರು ಮಾತ್ರ ಯಾರೂ ಇಲ್ಲ. ವಾರ್ಷಿಕ ಪಂದ್ಯಕ್ಕೆ ಜೋಡಿಯಲ್ಲಿ ಒಬ್ಬರು ಕಮ್ಮಿ ಬಿದ್ದರೆ ಕ್ಲರ್ಕ್ ಆಗಿದ್ದ ಪದ್ಮಾಳನ್ನು ಕರೆದು ಕೂರಿಸುತ್ತಿದ್ದರು. ಘಾಜಿಯಾಬಾದಿನಿಂದ ಬರುವ ಮೆಟ್ರೋದಲ್ಲಿ ಜೋತಾಡಿಕೊಂಡು ಮೊಬೈಲಿನಲ್ಲಿ ಆಡಿ ಕಲಿತವಳು. ಸೋತದ್ದಕ್ಕೆ ಬೇಸರವಿರಲಿಲ್ಲ, ಬರೀ ಭರ್ತಿಗೆ ಬಂದವಳು ಅನ್ನಿಸಿಕೊಳ್ಳುವುದು ಚುಚ್ಚುತ್ತಿತ್ತು.

ಈ ವರ್ಷ ಹೇಗೋ ಕೊನೆಯ ಸುತ್ತಿಗೆ ಬಂದಿದ್ದಳು. ಇದೊಂದು ಗೆದ್ದರೆ ಕಚೇರಿಯ ತಂಡದಲ್ಲಿ ಜಾಗ. ಎದುರಾಳಿ ನಿರ್ದೇಶಕ ದಕ್ಷಿಣಾಮೂರ್ತಿ, ಕಾಲೇಜಿನ ಕಾಲದಲ್ಲಿ ರಾಜ್ಯಕ್ಕೆ ಆಡಿದವರು. ಎಷ್ಟು ಸಲ ಕೂತರೂ ಅಷ್ಟೂ ಸಲ ಅವಳನ್ನು ಸೋಲಿಸಬಲ್ಲವರು. ಅದು ಪದ್ಮಾಳಿಗೂ ಗೊತ್ತಿತ್ತು.

ಹೊತ್ತಾದರೂ ಸಾಹೇಬರು ಬರಲಿಲ್ಲ. ಮೀಟಿಂಗ್. ಬಿಳಿ ಕಾಯಿ ಅವರದು. ನಿಯಮದ ಪ್ರಕಾರ ಹೊತ್ತಾದೊಡನೆ ಅವರ ಗಡಿಯಾರ ಓಡಬೇಕು, ಅದರ ಸಮಯ ತೀರಿದರೆ ಸೋಲು. ತೀರ್ಪುಗಾರ ಸೂರಿನತ್ತ ನೋಡುತ್ತಾ ನಿಂತಿದ್ದ. ಸೆಕ್ಷನ್ ಆಫೀಸರ್ ಏಕನಾಥ ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದ: “ಸಾಹೇಬರು ನಮ್ಮ ಕಡೆಯವರು ಕಣಮ್ಮ. ಗಡಿಯಾರ ಮುಟ್ಟಬೇಡ.”

ಇಂಥ ಹೊತ್ತಿನಲ್ಲೇ ನಮ್ಮವರಿಗೆ ನಾಡುನುಡಿ ನೆನಪಾಗುವುದು. ಮೆಟ್ರೋ ಕೈಕೊಟ್ಟ ದಿನ ಪದ್ಮಾಳ ಅರ್ಧ ದಿನದ ರಜೆ ಕತ್ತರಿಸುವವನೂ ಇದೇ ಏಕನಾಥ. ಆಗ ಅವಳು ಯಾವ ಕಡೆಯವಳೋ!

ಪದ್ಮಾ ಗಡಿಯಾರದ ಗುಂಡಿ ಒತ್ತಿದಳು.

ದಕ್ಷಿಣಾಮೂರ್ತಿ ಬಂದಾಗ ಅವರ ಸಮಯ ಮುಕ್ಕಾಲುಪಾಲು ಕರಗಿತ್ತು. ಒತ್ತಿದ್ದು ಯಾರೆಂದು ಕೇಳಿದರು. ತಾನೇ ಎಂದಳು. ಕೂತು ಸರಸರನೆ ಆಡತೊಡಗಿದರು. ಪದ್ಮಾಳ ಕುದುರೆ ಹೋಯಿತು, ಆನೆ ಹೋಯಿತು, ರಾಜ ಮೂಲೆಗೆ ಸಿಕ್ಕಿಬಿದ್ದ. ಸಾಹೇಬರ ಕೈ ರಾಣಿಯತ್ತ ಚಾಚುವಷ್ಟರಲ್ಲಿ ಅವರ ಗಡಿಯಾರ ಸೊನ್ನೆ ತೋರಿಸಿತು.

ಸುತ್ತ ನಿಂತವರಿಗೆಲ್ಲ ಕಂಡಿತ್ತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಡ್ರಾ ಅಂತ ಬರೆಸಿಬಿಡೋಣ ಎಂದ ಏಕನಾಥ, ಆಡಿದ್ದು ತಾನೇ ಎಂಬಂತೆ.

ಪದ್ಮಾ ಗಡಿಯಾರವನ್ನು ಸಾಹೇಬರತ್ತ ತಿರುಗಿಸಿದಳು. “ಸರ್, ನಿಮ್ಮ ಟೈಮ್ ಮುಗೀತು.”

“ಒಂದೇ ನಡೆ ಬಾಕಿ ಇತ್ತಲ್ರೀ.”

“ಗೊತ್ತು ಸರ್. ರಾಣಿ ಬಂದಿದ್ರೆ ನನ್ನ ಕಥೆ ಮುಗೀತಿತ್ತು.”

ಅವರು ಮಣೆಯ ಮೇಲಿಂದ ಕೈ ಚಾಚಿದರು. ಪದ್ಮಾ ಎದ್ದು ನಿಂತು ಕೈ ಕುಲುಕಿದಳು. ಏಕನಾಥ ಏನೋ ಹೇಳಹೊರಟ. ಸಾಹೇಬರು ಅವನತ್ತ ತಿರುಗಲೂ ಇಲ್ಲ.

“ಕೂತ್ಕೊಳ್ಳಿ ಪದ್ಮಾ. ಟೀಮಿಗೆ ಹೋಗೋರು ನೀವು. ಹೀಗೆ ಆಡಿದ್ರೆ ಹೊರಗಿನವರು ನುಂಗಿ ನೀರು ಕುಡೀತಾರೆ. ಆ ಕುದುರೆ ಯಾಕೆ ಬಿಟ್ರಿ, ಹೇಳಿ.”

ಪದ್ಮಾ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕಾಯಿಗಳನ್ನು ಮತ್ತೆ ಜೋಡಿಸತೊಡಗಿದಳು.