ಅಪ್ಪನಿಗಾಗಿ ಬಂದ ಮಡಕೆ

ಹೋದ ವರ್ಷ ಶಿವರಾತ್ರಿ ಕಳೆದ ವಾರದಲ್ಲೇ ಅಪ್ಪ ತೀರಿಕೊಂಡರು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಮ್ಮದು ಮಡಕೆ ಮಾಡುವ ಮನೆ. ಹಿಂದೆ ನಮ್ಮ ಬೀದಿಯ ತುಂಬ ಕುಂಬಾರರ ತಿಗರಿ ತಿರುಗುತ್ತಿದ್ದವು. ಈಗ ಉಳಿದಿರುವುದು ನಮ್ಮದೊಂದೇ.

ಅಪ್ಪನಿಗೆ ಬೋಗಾದಿ ಕಡೆಯ ಕೆರೆಮಣ್ಣು ಎಂದರೆ ಪ್ರಾಣ. ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ಮರಳು ಸಿಕ್ಕಿದರೆ ಥೂ ಎಂದು ಉಗಿದು, "ಇನ್ನೊಂದ್ಸಲ ಸೋಸ್ಲಾ" ಎನ್ನುತ್ತಿದ್ದರು. ಆ ಮಣ್ಣಿನ ಮಡಕೆ ಸುಟ್ಟ ಮೇಲೆ ಬೆರಳಿನಿಂದ ತಟ್ಟಿದರೆ ಕಂಚಿನ ಹಾಗೆ ಠಣ್ ಎನ್ನುತ್ತಿತ್ತು. ಆ ಕಡೆಯೆಲ್ಲ ಲೇಔಟ್ ಆಗಿ ಮಣ್ಣು ಸಿಗದಾದಾಗ ನಾನು ದೂರದಿಂದ ಲಾರಿಯಲ್ಲಿ ತರಿಸತೊಡಗಿದೆ. ಅದರ ಮಡಕೆಯನ್ನು ಅಪ್ಪ ತಟ್ಟಿ ನೋಡಿ, "ಮೂಗ" ಎಂದು ಪಕ್ಕಕ್ಕಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲದ ಮಣ್ಣನ್ನು ನಾನೆಲ್ಲಿಂದ ತರಲಿ?

ಸಾವಿನ ಮನೆಗೆ ಮಡಕೆ ಕೊಡುವುದು ನಮ್ಮ ಮನೆತನದ ಕೆಲಸ. ಯಾರೇ ಬರಲಿ, ಉಣ್ಣುತ್ತಿದ್ದರೂ ಅಪ್ಪ ಎದ್ದು ಎರಡೂ ಕೈಯಲ್ಲಿ ಕೊಡುತ್ತಿದ್ದರು. ಆದರೆ ಕುಂಬಾರನ ಮನೆಯಲ್ಲೇ ಸಾವಾದರೆ ಆ ಮನೆಯ ಮಡಕೆ ನಡೆಯುವುದಿಲ್ಲ, ಸೂತಕ. ಬೇರೆ ಮನೆಯಿಂದ ಬರಬೇಕು. ಹಿಂದೆಲ್ಲ ಪಕ್ಕದ ಕುಂಬಾರರು ಕೊಡುತ್ತಿದ್ದರು.

ಚಟ್ಟ ಕಟ್ಟುವ ಹೊತ್ತಿಗೆ ಚಿಕ್ಕಪ್ಪ ಅಂಗಡಿಯಿಂದ ಬಣ್ಣ ಬಳಿದ ಮಡಕೆ ತಂದರು. ತಟ್ಟಿದೆ. ದಪ್ ಎಂದಿತು.

"ಇದನ್ನ ಅಪ್ಪಂಗೆ ಹೊರಲ್ಲ ನಾನು" ಎಂದೆ.

"ಒಡೆಯೋ ಮಡಕೆಗೆ ಜಾತಕ ನೋಡ್ತೀಯೇನೋ? ಹೊತ್ತಾಯ್ತು ಕಣೋ!" ಎಂದು ಚಿಕ್ಕಪ್ಪ ರೇಗಿದರು.

"ಊರಿಗೆಲ್ಲ ಕೊಟ್ಟೋರು ಚಿಕ್ಕಪ್ಪ. ಅವರಿಗೆ ಇದಾ?" ಎನ್ನುತ್ತ ಎಲ್ಲರೆದುರೇ ಅತ್ತುಬಿಟ್ಟೆ.

ಒಂಟಿಕೊಪ್ಪಲಿನ ಪುಟ್ಟತಾಯಮ್ಮ ಅಲ್ಲೇ ಕೂತಿದ್ದರು. ಬೇಸಿಗೆ ಬಂದರೆ ಅಪ್ಪನ ಹತ್ತಿರವೇ ನೀರಿನ ಮಡಕೆ ಕೊಳ್ಳುತ್ತಿದ್ದವರು. ತಟ್ಟನೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಆಟೋದಿಂದ ಇಳಿದರು, ಎದೆಗವಚಿಕೊಂಡು ಒಂದು ಮಡಕೆ.

"ನಿಮ್ಮಪ್ಪನೇ ಮಾಡಿದ್ದು ಕಣಪ್ಪ. ಕೆರೆ ಮಣ್ಣಿಂದು ಇದೇ ಕೊನೇದು, ಜೋಪಾನ ಕಣವ್ವ ಅಂದಿದ್ರು. ಒಡೆದೋದ್ರೆ ಮತ್ತೆ ಸಿಗಲ್ಲ ಅಂತ ನೀರೂ ತುಂಬ್ದೆ ಅಟ್ಟದ ಮೇಲೆ ಇಟ್ಬುಟ್ಟಿದ್ದೆ."

"ಒಡೆಯೋಕೆ ಕೊಡ್ತೀರಾ ಅಮ್ಮ?"

"ಅವರದು ಅವರ ಜೊತೇಲೇ ಹೋಗ್ಲಿ ಬುಡು. ತಗೋ."

ಮಡಕೆಯ ಕತ್ತಿನ ಕೆಳಗೆ ಅಪ್ಪನ ಹೆಬ್ಬೆರಳಿನ ಒತ್ತು ಹಾಗೇ ಇತ್ತು. ಅದರ ಮೇಲೆ ನನ್ನ ಬೆರಳಿಟ್ಟು ಹಿಡಿದೆ.

ಸ್ಮಶಾನದಲ್ಲಿ ನೀರು ತುಂಬಿದ ಮಡಕೆ ಹೆಗಲ ಮೇಲಿಟ್ಟು ಗುಂಡಿಯ ಸುತ್ತ ಬಂದೆ. ಸುತ್ತಿಗೊಂದು ತೂತು ಮಾಡಬೇಕು. ಚಿಕ್ಕಪ್ಪ ಕಲ್ಲಿನಿಂದ ಎಷ್ಟು ಕುಟ್ಟಿದರೂ ಮಡಕೆ ಜಗ್ಗಲಿಲ್ಲ. "ಏನ್ ಗಟ್ಟಿ ಮಾಡವ್ನಪ್ಪ ನಮ್ಮಣ್ಣ!" ಎನ್ನುತ್ತ ಅವರೂ ಅಳತೊಡಗಿದರು. ಕೊನೆಗೆ ನೀರು ನನ್ನ ಬೆನ್ನ ಮೇಲೆ ಇಳಿಯಿತು. ಸುತ್ತು ಮುಗಿಸಿ ಮಡಕೆಯನ್ನು ಹಿಂದಕ್ಕೆ ಬಿಟ್ಟೆ. ತಿರುಗಿ ನೋಡುವಂತಿಲ್ಲ. ಹೋಳುಗಳು ಒಂದಕ್ಕೊಂದು ತಾಗಿ ಠಣ್ ಎಂದದ್ದು ಮಾತ್ರ ಕೇಳಿಸಿತು. ಅಪ್ಪನ ಮಣ್ಣಿನ ಸದ್ದು ನಾನು ಕೇಳಿದ್ದು ಅದೇ ಕೊನೆಯ ಸಲ.

ಈಗಲೂ ಸುಟ್ಟ ಮಡಕೆಯನ್ನೆಲ್ಲ ತಟ್ಟಿ ನೋಡುತ್ತೇನೆ. ಆ ಸದ್ದು ಬರುವುದಿಲ್ಲ. ಈ ಬೇಸಿಗೆಗೆ ಪುಟ್ಟತಾಯಮ್ಮ ಮತ್ತೆ ಮಡಕೆಗೆ ಬಂದರು. ಲಾರಿ ಮಣ್ಣಿನದನ್ನು ಕೊಡಲು ನನಗೆ ನಾಚಿಕೆ. ಆದರೂ ಅಪ್ಪನ ಹಾಗೆ ಎರಡೂ ಕೈಯಲ್ಲಿ ಕೊಟ್ಟೆ. ಅವರು ತಟ್ಟಿ ನೋಡಲೇ ಇಲ್ಲ.

"ಇದನ್ನ ಅಟ್ಟಕ್ಕೆ ಹಾಕಲ್ಲ ಕಣಪ್ಪ, ದಿನಾ ನೀರ್ ತುಂಬ್ತೀನಿ" ಎಂದರು.