ಕಂಬಳಿಗೆ ಮೈಲಿಗೆ ಇಲ್ಲ ಎಂದವನು ನಾನೇ

ಇಳಕಲ್ಲಿಗೆ ಬಂದ ಮೊದಲ ಮಧ್ಯಾಹ್ನ ನನ್ನ ತಾಟಿನಲ್ಲಿದ್ದ ರೊಟ್ಟಿ ತಾನಾಗಿ ಜಿಗಿಯಿತು. ನೆಲ ಒಮ್ಮೆ ಗುಮ್ಮೆಂದಿತು, ಗೋಡೆಯ ಮಣ್ಣು ಉದುರಿ ಪುಂಡಿಪಲ್ಯದಲ್ಲಿ ಬಿತ್ತು. ಕುರಿ ಬೆದರಿದವು ಅಂದುಕೊಂಡು ನಾನು ಕೋಲು ಹಿಡಿದು ಹೊರಗೆ ಓಡಿದೆ. ಎಲ್ಲಿಯ ಕುರಿ? ಅವನ್ನು ತಮ್ಮನ ಕೈಗೆ ಒಪ್ಪಿಸಿ ಎರಡು ದಿನವಾಗಿತ್ತು. ಮಗಳು ಬಾಗಿಲಲ್ಲಿ ನಿಂತು ನಕ್ಕಳು.

"ಯಪ್ಪಾ, ಗುಡ್ಡದಾಗ ಮದ್ದು ಹಾರಿಸಿದ್ರು. ದಿನಾ ಈ ಹೊತ್ತಿಗೆ ಹಾರಸ್ತಾರ. ಒಳಗ ಬಂದು ಉಣ್ಣು."

ಕುಳಗೇರಿ ಕ್ರಾಸಿನ ಆಚೆ ಇರುವ ನನ್ನ ಮಂದಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಸಾಲು ಬಿಟ್ಟು ಹೋದರೆ ಮಂದೆ ಬಿಟ್ಟ ಮರಿ ಎಂದು ತಿಳಿಯಿರಿ.

ಅಲ್ಲಿ ಮನೆ ಎಂದರೆ ಕಂಬಳಿ ಹಾಸಿದ ಜಾಗ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಇಲ್ಲಿ ಮನೆ ಎಂದರೆ ನಾಲ್ಕು ಗೋಡೆ, ಗೋಡೆಯಾಚೆ ಮಗ್ಗದ ಸಪ್ಪಳ. ಗುಡ್ಡಕ್ಕೆ ಇವರು ಕ್ವಾರಿ ಎನ್ನುತ್ತಾರೆ, ಅಂದರೆ ಕಲ್ಲು ಕಡಿದು ತೆಗೆಯುವ ಜಾಗ. ಅಳಿಯ ಅಲ್ಲೇ ದುಡಿಯುತ್ತಾನೆ. ಹಾಲು ಡಬ್ಬಿಯಲ್ಲಿ ಬರುತ್ತದೆ, ಅರ್ಧ ನೀರು. ಮರಿಗಳ ಕೂಗಿಲ್ಲದೆ ನನ್ನ ಕಿವಿ ಎಷ್ಟೋ ದಿನ ಖಾಲಿ ಇದ್ದವು. ಮಗಳ ಮನೆ ಇಕ್ಕಟ್ಟಾಯಿತೆಂದು ಅವಳೂ ನಾನೂ ಬಾಡಿಗೆಗೆ ಬೇರೆ ಕೋಣೆ ಕೇಳಲು ಹೋದಾಗ ಮನೆ ಒಡತಿ ಶಾಂತವ್ವ ಹೆಸರನ್ನೂ ಕೇಳಲಿಲ್ಲ. "ಯಾ ಮಂದಿ ನೀವು?" ಎಂದಳು. ಕುರಿ ಕಾಯುವವರು ಎಂದೆವು. "ಹಂಗಾರ ಅಡ್ಡಿ ಇಲ್ಲ," ಎಂದು ಕೀಲಿ ಕೊಟ್ಟಳು. ನಾನು ಹಗುರಾದೆ. ಹಾಗಾದರೆ ಅಡ್ಡಿ ಯಾರಿಗೆ ಎಂಬುದು ಅಂದು ತಲೆಗೆ ಹೊಳೆಯಲಿಲ್ಲ.

ಮೊಮ್ಮಗಳು ನೀಲವ್ವ ಇಲ್ಲಿ ಕಾಲೇಜಿಗೆ ಹೋಗುತ್ತಾಳೆ. ನಮ್ಮ ವಂಶದಲ್ಲಿ ಹೆಣ್ಣು ಇರಲಿ, ಗಂಡೇ ಆ ಮೆಟ್ಟಿಲು ಹತ್ತಿದ್ದಿಲ್ಲ. ಅವಳು ಚೀಲ ಹಾಕಿಕೊಂಡು ಹೋಗುವುದನ್ನು ನೋಡಲೆಂದೇ ನಾನು ದಿನಾ ಓಣಿಯ ತುದಿಯ ತನಕ ಹೋಗಿ ನಿಲ್ಲುತ್ತೇನೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅಂದು ಮುಂಜಾನೆ ಅವಳೂ ಅವಳ ಗೆಳತಿಯರೂ ಶಾಂತವ್ವನ ಅಂಗಳದಲ್ಲಿ ಓಣಿಯ ಮಂದಿಯನ್ನು ಸೇರಿಸಿ ಮಾತುಕತೆ ನಡೆಸುತ್ತಾರೆ. ಒಮ್ಮೆ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು, ಒಮ್ಮೆ ಬಾವಿಯ ನೀರು. ನಮ್ಮಲ್ಲಿ ಕಟ್ಟೆಯ ಮೇಲೆ ಹಿರಿಯರು ಮಾತಾಡಿದರೆ ಉಳಿದವರು ಕೇಳಬೇಕು. ಇಲ್ಲಿ ಹುಡುಗಿಯರು ಕೇಳುತ್ತಾರೆ, ಹಿರಿಯರು ಉತ್ತರ ಹುಡುಕುತ್ತಾರೆ. ನಾನು ಬಾಯಿ ತೆರೆದು ಕೂತಿರುತ್ತಿದ್ದೆ.

ಒಂದು ಅಮಾವಾಸ್ಯೆಗೆ ನೀಲವ್ವ ದುರ್ಗವ್ವನನ್ನು ಕರೆದಳು. ಅವಳು ಗುಡ್ಡದ ಬುಡದ ಕೇರಿಯವಳು, ಕ್ವಾರಿಯಲ್ಲಿ ಕಲ್ಲು ಒಡೆಯುತ್ತಾಳೆ. ಆ ಗುಡ್ಡದಲ್ಲಿ ಮೊದಲಿನಿಂದ ಆಡು ಮೇಯಿಸಿ, ಸೌದೆ ತಂದು ಬದುಕಿದವರು ಅವರೇ. ಈಗ ಅದೇ ಗುಡ್ಡವನ್ನು ಕೂಲಿಗೆ ಒಡೆಯುತ್ತಾರೆ. ಮಂದಿಯ ಮುಂದೆ ಅದನ್ನು ಹೇಳು ಎಂದು ನೀಲವ್ವ ಹತ್ತು ಸಲ ಅವಳ ಬಾಗಿಲಿಗೆ ಹೋಗಿ ಬಂದಿದ್ದಳು. ಕಡೆಗೆ ದುರ್ಗವ್ವ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಎಲ್ಲಾರ ಜೋಡಿ ಕೂಡಿಸಿದ್ರ ಬರ್ತೇನಿ. ದೂರ ಕೂಡಿಸಿದ್ರ ತಿರಗಿ ನೋಡೂದಿಲ್ಲ."

ಅಂದು ಶಾಂತವ್ವ ಜಮಖಾನೆ ಹಾಸಿದಳು. ಅದರಿಂದ ನಾಲ್ಕು ಮೊಳ ದೂರ ಒಂದು ಗೋಣಿತಟ್ಟು ಹಾಸಿದಳು. ನೀಲವ್ವನ ಮುಖ ಕಪ್ಪಿಟ್ಟಿತು. ದುರ್ಗವ್ವ ಆಗಲೇ ಓಣಿಯ ತಿರುವಿನಲ್ಲಿ ಕಾಣುತ್ತಿದ್ದಳು. ಆಗ ನಾನು ಎದ್ದು, ಒಳಗಿಂದ ನನ್ನ ಕರಿ ಕಂಬಳಿ ತಂದು, ಎರಡರ ಅಂಚೂ ಮುಚ್ಚುವ ಹಾಗೆ ನಡುವೆ ಹಾಸಿದೆ.

"ಕೂಡ್ರಿ ಎಲ್ಲಾರೂ," ಎಂದೆ. "ಕಂಬಳಿಗೆ ಮೈಲಿಗಿ ಇಲ್ಲ."

ಇದು ನಮ್ಮ ಕುಲದೇವರು ಬೀರಪ್ಪನ ಕಾಲದ ಮಾತು, ಯಾರೂ ತೆಗೆದುಹಾಕುವುದಿಲ್ಲ. ಎಲ್ಲರೂ ಕೂತರು. ಶಾಂತವ್ವನೂ ಕೂತಳು. ನನ್ನ ಎದೆ ಉಬ್ಬಿತು. ದುರ್ಗವ್ವ ಮಾತ್ರ ಕಂಬಳಿಯ ಅಂಚಿಗೆ ಬಂದು ನಿಂತೇ ಇದ್ದಳು.

"ಯಜಮಾನ್ರ, ಕಂಬಳಿಗೆ ಮೈಲಿಗಿ ಇಲ್ಲ ಅಂದ್ರಿ. ಹಂಗಾರ ಯಾರಿಗೈತಿ?"

ಅವಳು ಕಾಲಿನಿಂದ ಅಂಗಳದ ಕಲ್ಲನ್ನು ತಟ್ಟಿ ತೋರಿಸಿದಳು.

"ನಾ ಒಡದ ಕಲ್ಲಿನ ಮ್ಯಾಲ ನೀವು ಅರಿವಿ ಒಗೀತೀರಿ, ಖಾರಾ ಅರೀತೀರಿ. ಕಲ್ಲಿಗೂ ಮೈಲಿಗಿ ಇಲ್ಲ. ನನಗಷ್ಟ ಐತಿ." ಹೀಗೆಂದು ಅವಳು ಹೋಗಲು ತಿರುಗಿದಳು.

"ಮುತ್ಯಾ, ಕಂಬಳಿ ಎತ್ತು," ಎಂದಳು ನೀಲವ್ವ.

ಸಿಡಿಲು ಹೊಡೆದ ಹಾಗಾಯಿತು. ಹಾಸಿದ ಕಂಬಳಿ ನಮ್ಮವರಿಗೆ ಗದ್ದಿಗೆ ಇದ್ದ ಹಾಗೆ. ನ್ಯಾಯ ನಡೆಯುವುದು ಅದರ ಮೇಲೆ, ಬೀಗತನ ಕೂಡುವುದು ಅದರ ಮೇಲೆ. ಕೂತವರ ಕೆಳಗಿಂದ ಅದನ್ನು ಎಳೆದವನನ್ನು ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ.

"ಹುಚ್ಚಿ ಅದೀಯೇನ? ಮಂದಿ ಕುಂತಾರ."

"ಕುಂತಾರಂತನ ಎತ್ತು ಅನ್ನಾಕತ್ತೇನಿ."

ನಾನು ಕಂಬಳಿ ನೋಡಿದೆ. ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದಾಗ ಕೇರಿಯ ಹೆಣ್ಣುಮಕ್ಕಳು ನೀರು ಕೇಳಿದರೆ, ಇದೇ ಕಂಬಳಿಯ ಮೇಲೆ ಅವರನ್ನು ಕೂಡಿಸಿ, ಬೊಗಸೆಗೆ ಮೇಲಿಂದ ನೀರು ಹುಯ್ದವನು ನಾನು. ನನ್ನಂಥ ದೊಡ್ಡ ಮನಸ್ಸಿನವನು ಇಲ್ಲ ಅಂದುಕೊಂಡು ಮಲಗಿದವನೂ ನಾನೇ. ಶಾಂತವ್ವನ "ಅಡ್ಡಿ ಇಲ್ಲ" ಎಂಬ ಮಾತು ಆಗ ನನ್ನ ಬೆನ್ನಿಗೆ ಬಡಿಯಿತು.

ಅಂಚು ಹಿಡಿದೆ. "ಏಳ್ರಿ," ಎಂದೆ. ಎದ್ದರು. ಜಮಖಾನೆಯನ್ನೂ ತಟ್ಟನ್ನೂ ನೀಲವ್ವ ಸುತ್ತಿ ಮೂಲೆಗಿಟ್ಟಳು. ಬರಿ ಕಲ್ಲಿನ ನೆಲ, ಕೆಂಪು ಕಲ್ಲು, ತಣ್ಣಗೆ ಕೊರೆಯುತ್ತಿತ್ತು. ನಾನು ಮೊದಲು ಕೂತು, ಪಕ್ಕದ ಜಾಗಕ್ಕೆ ಕೈಯಿಟ್ಟು "ಬಾ ತಂಗಿ" ಎಂದೆ. ದುರ್ಗವ್ವ ಬಂದು ಕೂತಳು. ಇಬ್ಬರು ಎದ್ದು ಮನೆಗೆ ಹೋದರು. ಶಾಂತವ್ವ ಸೀರೆ ಕೊಡವಿ ಸ್ವಲ್ಪ ಹೊತ್ತು ನಿಂತಳು. "ನನ್ನ ಅಂಗಳದಾಗ ನಾನ ನಿಂತಿರಬೇಕೇನ?" ಎಂದು ಕೂತಳು, ಒಂದು ಮೊಳ ಬಿಟ್ಟು.

ದುರ್ಗವ್ವ ಮಾತಾಡಿದಳು. ಆಡಿಗೆ ಮೇವಿನ ಜಾಗ ಬಿಡಬೇಕು, ಅವರ ದೇವಿಯ ಬಂಡೆಗೆ ಮದ್ದು ತಾಗಬಾರದು. ಇಷ್ಟೇ ಕೇಳಿದ್ದು. ನೀಲವ್ವ ಅದನ್ನು ಸರಕಾರಕ್ಕೆ ಅರ್ಜಿಯಾಗಿ ಬರೆದಳು. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತಿದರು, ನಾನು ಸಹಿ ಮಾಡಿದೆ. ಉತ್ತರ ಇನ್ನೂ ಬಂದಿಲ್ಲ. ಏಳುವಾಗ ಅವಳು ನಕ್ಕು, "ಥಂಡಿ ಐತಿ, ಇನ್ನ ಹೊಚಗೋರಿ ನಿಮ್ಮ ಕಂಬಳಿ," ಎಂದಳು. ನೀಲವ್ವ ಅದನ್ನು ನನ್ನ ಹೆಗಲಿಗೆ ಹೊದಿಸಿದಳು. ಆ ಹುಡುಗಿ ನನ್ನ ಮೊಮ್ಮಗಳು ಎಂದು ಆ ದಿನದಿಂದ ಸಂತೆಯಲ್ಲಿ ಕೇಳದವರಿಗೂ ಹೇಳುತ್ತೇನೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ.

ಸುಗ್ಗಿ ಮುಗಿದ ಮೇಲೆ ತಮ್ಮ ಮಂದೆ ಹೊಡೆದುಕೊಂಡು ಹುನಗುಂದದ ಕಡೆ ಬಂದ. ನಾನು ಓಡಿ ಹೋದೆ. ಕುರಿಗಳು ನನ್ನ ದನಿಗೆ ಕಿವಿ ನಿಮಿರಿಸಿದವು, ಕಣ್ಣು ತುಂಬಿ ಬಂತು. ತಮ್ಮ ಕಂಬಳಿ ಹಾಸಿದ. ಹೊಲದಲ್ಲಿ ಕಾಳು ಆರಿಸುತ್ತಿದ್ದ ಕೇರಿಯ ಹೆಣ್ಣುಮಗಳನ್ನೂ ಕರೆದ: "ಬಾ ಯವ್ವಾ, ಕಂಬಳಿಗೆ ಮೈಲಿಗಿ ಇಲ್ಲ." ನನ್ನದೇ ಮಾತು, ನನ್ನದೇ ದನಿ. ಅವಳು ಬಂದು ಅಂಚಿನಾಚೆ ಮಣ್ಣಿನಲ್ಲಿ ಕೂತಳು.

"ಅಣ್ಣಾ, ಯಾಕ ಹಿಂಗ ಕುಂತಿ?" ಎಂದ ತಮ್ಮ.

ಆಗ ನೋಡಿಕೊಂಡೆ. ನನ್ನ ಒಂದು ಮೊಣಕಾಲು ಕಂಬಳಿಯ ಮೇಲಿತ್ತು, ಒಂದು ಮಣ್ಣಿನಲ್ಲಿತ್ತು.